‘ಇದೇ ಪ್ರಥಮ’ ಎನ್ನುವ ಮುನ್ನ

ಪಿಎಚ್.ಡಿ. ಪ್ರಬಂಧಗಳ ಮುನ್ನುಡಿಯಲ್ಲಿ ನಮಗೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ‘ಈ ವಿಷಯದ ಬಗ್ಗೆ ಇದುವರೆಗೆ ಯಾರೂ ಅಧ್ಯಯನ ನಡೆಸಿಲ್ಲ, ಇದೇ ಪ್ರಥಮ ಪ್ರಯತ್ನ.’ ಯಾರೂ ನಡೆಸಿಲ್ಲವೆಂದು ಇವರಿಗೆ ತಿಳಿದದ್ದು ಹೇಗೆ? ಎಲ್ಲೆಲ್ಲಿ ಹುಡುಕಿದರು? ಯಾವ ವರ್ಷದವರೆಗೆ? ಉತ್ತರವಿಲ್ಲ. ತಾನು ಕಾಣದ್ದು ಇಲ್ಲವೇ ಇಲ್ಲ ಎನ್ನುವುದು ಸಂಶೋಧನೆಯಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ.

‘ಪ್ರಥಮ’ ಎಂಬುದು ತೂಕದ ಮಾತು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವನ್ನು ‘ಕನ್ನಡದ ಪ್ರಥಮ ಶಾಸನ’ ಎಂದು ಬರೆದವರು ಎಷ್ಟೋ ಮಂದಿ. 2013ರಲ್ಲಿ ತಾಳಗುಂದದಲ್ಲಿ ಸಿಕ್ಕ ಶಾಸನವನ್ನು ಪುರಾತತ್ವ ಇಲಾಖೆಯವರು ಕ್ರಿ.ಶ. 370ರದೆಂದು ಹೇಳಿದಾಗ ಆ ಮಾತು ಅಲುಗಾಡಿತು. ‘ಇದುವರೆಗೆ ದೊರೆತವುಗಳಲ್ಲಿ ಹಳೆಯದು’ ಎಂದಿದ್ದವರು ಮಾತ್ರ ಒಂದಕ್ಷರವನ್ನೂ ಹಿಂತೆಗೆದುಕೊಳ್ಳಬೇಕಾಗಲಿಲ್ಲ. ‘ಕವಿರಾಜಮಾರ್ಗ’ವನ್ನು ನಮ್ಮ ಹಿರಿಯ ವಿದ್ವಾಂಸರು ‘ಉಪಲಬ್ಧ’ ಕೃತಿಗಳಲ್ಲಿ ಮೊದಲನೆಯದೆಂದರು. ಏಕೆಂದರೆ ತನಗಿಂತ ಹಿಂದಿನ ವಿಮಲೋದಯ, ನಾಗಾರ್ಜುನ, ದುರ್ವಿನೀತ ಮೊದಲಾದವರನ್ನು ಆ ಗ್ರಂಥವೇ ಹೆಸರಿಸುತ್ತದೆ. 1899ರ ‘ಇಂದಿರಾಬಾಯಿ’ಯನ್ನು ‘ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ’ ಎನ್ನುವಾಗ ಆ ಎರಡು ವಿಶೇಷಣಗಳು ಅಲಂಕಾರಕ್ಕಲ್ಲ, ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದ ಕಾದಂಬರಿಗಳು ಅದಕ್ಕೂ ಮೊದಲೇ ಬಂದಿದ್ದವು.

ಇಷ್ಟೆಲ್ಲ ಮಿತಿ ಹೇಳಿದರೆ ಪರೀಕ್ಷಕರ ಕಣ್ಣಿಗೆ ಪ್ರಬಂಧ ಸಣ್ಣದಾಗದೇ ಎಂದು ಕೇಳುವವರಿದ್ದಾರೆ. ಸಣ್ಣದಾದರೂ ಅದು ನಿಲ್ಲುತ್ತದೆ. ಉಬ್ಬಿಸಿದ್ದು ಒಂದು ಹಳೆಯ ಪುಸ್ತಕ ಎದುರಾದೊಡನೆ ಬೀಳುತ್ತದೆ. ‘ನಮಗೆ ತಿಳಿದಮಟ್ಟಿಗೆ’ ಎಂದು ಸೇರಿಸಿ ಕೈತೊಳೆದುಕೊಳ್ಳುವುದೂ ಸಲ್ಲದು. ಆ ಮಟ್ಟ ಎಷ್ಟೆಂದು ಹೇಳಬೇಕು.

ಇನ್ನೊಂದು ರೋಗ ‘ಎನ್ನಲಾಗಿದೆ’, ‘ಕಂಡುಬರುತ್ತದೆ’. ಎಂದವರಾರು? ಕಂಡವರಾರು? ಹಿರಿಯರ ವಿಚಾರವೂ ತನ್ನ ವಿಚಾರವೂ ಒಂದೇ ವಾಕ್ಯದಲ್ಲಿ ಕಲಸಿಹೋಗಿ, ಹಿಂದೆ ದುಡಿದವರ ಹೆಸರು ಅಳಿಯುತ್ತದೆ. 2018ರ ಯು.ಜಿ.ಸಿ. ನಿಯಮದಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಆದರೆ ಯಂತ್ರ ಎಣಿಸುವುದು ಪದಗಳನ್ನು. ಪದ ಬದಲಿಸಿ ಎತ್ತಿಕೊಂಡ ವಿಚಾರಕ್ಕೆ ಬರೆಯುವವನ ಮನಸ್ಸಾಕ್ಷಿಯೇ ಕಾವಲು.

ನಮ್ಮಂಥ ಹೊರನಾಡಿನವರಿಗೆ ‘ಪುಸ್ತಕ ಸಿಗಲಿಲ್ಲ’ ಎಂಬ ನೆಪ ಒಂದು ಕಾಲಕ್ಕೆ ಸಲ್ಲುತ್ತಿತ್ತು. ಇಂದು ‘ಶೋಧಗಂಗಾ’ದಲ್ಲಿ ದೇಶದ ವಿಶ್ವವಿದ್ಯಾಲಯಗಳ ಸಾವಿರಾರು ಪ್ರಬಂಧಗಳನ್ನು ಮನೆಯಲ್ಲೇ ಕುಳಿತು ನೋಡಬಹುದು. ಆದುದರಿಂದ ಮಾರ್ಗದರ್ಶಕರಲ್ಲಿ ನಮ್ಮ ಒತ್ತಾಯವಿಷ್ಟೆ: ಎಲ್ಲಿ, ಎಂದಿನವರೆಗೆ ಹುಡುಕಿದೆ, ಅಲ್ಲಿ ಯಾರು ಏನು ಮಾಡಿದ್ದಾರೆ, ನಾನು ಸೇರಿಸಿದ್ದು ಏನು — ಈ ಮೂರು ವಾಕ್ಯಗಳಿಲ್ಲದ ಪ್ರಬಂಧಕ್ಕೆ ಸಹಿ ಹಾಕಬೇಡಿ. ಮೂರನೆಯ ವಾಕ್ಯ ಬರೆಯಲಾಗದವರು ಇನ್ನೂ ಪ್ರಬಂಧವನ್ನೇ ಬರೆದಿಲ್ಲವೆಂದು ನಮ್ಮ ಸ್ಪಷ್ಟ ಅಭಿಪ್ರಾಯ.