ಕಿರ್ದಿ ಉಂಟು, ಖಾತೆ ಇಲ್ಲ

ಬಿಟ್‌ಕಾಯಿನ್ ಮಾತು ಬಂದಾಗಲೆಲ್ಲ ಒಂದು ವಾಕ್ಯ ತಪ್ಪದೆ ಕೇಳಿಬರುತ್ತದೆ: ಬ್ಲಾಕ್‌ಚೈನ್ ಅಂದರೆ ಎಲ್ಲರ ಕಣ್ಣಿಗೂ ತೆರೆದಿಟ್ಟ ಲೆಕ್ಕದ ಪುಸ್ತಕ, ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬುದೆಲ್ಲ ಅದರಲ್ಲೇ ಇದೆ. ಯಾವುದಾದರೂ ‘ಎಕ್ಸ್‌ಪ್ಲೋರರ್’ ತಾಣ ತೆರೆದು ಒಂದು ವಿಳಾಸ ಹಾಕಿ ನೋಡಿದರೆ ಈ ಮಾತು ನಿಜವೆಂದೇ ಅನ್ನಿಸುತ್ತದೆ. ಕಳಿಸಿದವರು, ಪಡೆದವರು, ಶುಲ್ಕ, ಉಳಿಕೆ ಎಲ್ಲವೂ ಕೋಷ್ಟಕದಲ್ಲಿ ಅಚ್ಚುಕಟ್ಟಾಗಿ ಕೂತಿರುತ್ತವೆ. ಆ ತಾಣಗಳನ್ನು ಬದಿಗಿಟ್ಟು, ಮೂಲ ಕಡತವನ್ನೇ ಓದುವ ಸಣ್ಣದೊಂದು ಕಮಾಂಡ್‌ಲೈನ್ ಪ್ರೋಗ್ರಾಂ ಬರೆಯಲು ಕೂತವರಿಗೆ ಕಾಣುವುದೇ ಬೇರೆ. ಈಚೆಗೆ ನನ್ನ ಬಿಡುವಿನ ಹೊತ್ತೆಲ್ಲ ಇದಕ್ಕೇ ಹೋಗುತ್ತಿದೆ. ಆ ಪುಸ್ತಕದಲ್ಲಿ ಕಳಿಸಿದವರ ಕಾಲಂ ಇಲ್ಲ, ಶುಲ್ಕದ ಕಾಲಂ ಇಲ್ಲ, ಉಳಿಕೆ ಎಂಬುದಂತೂ ಇಲ್ಲವೇ ಇಲ್ಲ. ಹಳೆಯ ಅಂಗಡಿ ಲೆಕ್ಕದ ಮಾತಿನಲ್ಲಿ ಹೇಳುವುದಾದರೆ, ಇರುವುದು ಬರೀ ಕಿರ್ದಿ. ದಿನದಿನದ ವಹಿವಾಟು ಬಂದ ಹಾಗೆ ಬರೆದಿಟ್ಟದ್ದು. ಅದರಿಂದ ಒಬ್ಬೊಬ್ಬರ ಖಾತೆ ಎತ್ತಿ ಬರೆದುಕೊಳ್ಳುವುದು ಓದುವವನ ಪಾಡು.

ಬಿಟ್‌ಕಾಯಿನ್ ಕೋರ್ ತಂತ್ರಾಂಶವನ್ನು ನಮ್ಮ ಕಂಪ್ಯೂಟರಿನಲ್ಲೇ ನಡೆಸಿದರೆ 2009ರಿಂದ ಈವರೆಗಿನ ಎಲ್ಲ ಬ್ಲಾಕ್‌ಗಳೂ ಡಿಸ್ಕಿಗೆ ಇಳಿಯುತ್ತವೆ. ಒಂಬತ್ತು ಲಕ್ಷಕ್ಕೂ ಹೆಚ್ಚು ಬ್ಲಾಕ್, 600 ಗಿಗಾಬೈಟ್‌ಗೂ ಮಿಕ್ಕಿದ ಜಾಗ. 128 ಮೆಗಾಬೈಟ್ ಮೀರದ ಕಡತಗಳಾಗಿ ಇವು ಸಾಲಾಗಿ ಕೂತಿರುತ್ತವೆ. ಮೊದಲ ಕಡತವನ್ನು ಹೆಕ್ಸ್ ರೂಪದಲ್ಲಿ ನೋಡಿದರೆ ಆರಂಭದ ನಾಲ್ಕು ಬೈಟ್ ಎಫ್9, ಬಿಇ, ಬಿ4, ಡಿ9. ಇವಕ್ಕೆ ಅರ್ಥ ಏನೂ ಇಲ್ಲ. ‘ಇಲ್ಲಿಂದ ಒಂದು ಬ್ಲಾಕ್ ಶುರು’ ಎನ್ನುವ ಗುರುತು ಅಷ್ಟೆ. ಸಾಮಾನ್ಯ ಬರಹದಲ್ಲಿ ಒಟ್ಟಿಗೆ ಬಾರದ ಬೈಟ್‌ಗಳನ್ನು ಹುಡುಕಿ ಇಟ್ಟದ್ದು. ಮುಂದಿನ ನಾಲ್ಕು 1ಡಿ, 01, 00, 00. ಇದು ಬ್ಲಾಕಿನ ಉದ್ದ. ಇದ್ದ ಕ್ರಮದಲ್ಲೇ ಓದಿದರೆ 48 ಕೋಟಿ ದಾಟುತ್ತದೆ, ಬಲದಿಂದ ಎಡಕ್ಕೆ ಓದಿದರೆ 285. ಸರಿಯಾದ ಉತ್ತರ ಎರಡನೆಯದು.

ಹೊಸ ಪ್ರೋಗ್ರಾಮರುಗಳು ಇಲ್ಲಿ ತಲೆ ಕೆರೆದುಕೊಳ್ಳುವುದುಂಟು. ನಮ್ಮವರಿಗೆ ಇದು ಹೊಸದಾಗಬೇಕಿಲ್ಲ. ‘ಅಂಕಾನಾಂ ವಾಮತೋ ಗತಿಃ’ ಎಂಬ ನಿಯಮ ಭೂತಸಂಖ್ಯೆ ಬಲ್ಲ ಎಲ್ಲರಿಗೂ ಗೊತ್ತು. ರಸ, ಬಾಣ, ಚಂದ್ರ ಎಂದರೆ 651 ಅಲ್ಲ, 156. ಹೀಗೆ ಪದಗಳಲ್ಲಿ ಅಡಗಿಸಿದ ಶಕವರ್ಷವನ್ನು ಬಿಡಿಸುವವರು ಬಿಡಿ ಸ್ಥಾನದಿಂದಲೇ ಹಿಡಿಯುತ್ತಾರೆ. ಇಂಟೆಲ್ ಪ್ರೊಸೆಸರ್ ಕೂಡ ಸಂಖ್ಯೆಗಳನ್ನು ಇದೇ ಕ್ರಮದಲ್ಲಿ ಇಡುತ್ತದೆ, ಬಿಟ್‌ಕಾಯಿನ್ ರೂಪಿಸಿದ, ಸತೋಷಿ ನಕಮೊಟೊ ಎಂಬ ಹೆಸರಿನ ಹಿಂದಿರುವವರು ಅದನ್ನೇ ಕಡತಕ್ಕೂ ಇಳಿಸಿದ್ದಾರೆ.

ಉದ್ದ ಆದಮೇಲೆ 80 ಬೈಟಿನ ತಲೆಬರಹ. ಹಿಂದಿನ ಬ್ಲಾಕಿನ ಹ್ಯಾಶ್ (ಬೈಟ್‌ಗಳಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಂಖ್ಯೆ), ಈ ಬ್ಲಾಕಿನ ವಹಿವಾಟುಗಳ ಒಟ್ಟು ಹ್ಯಾಶ್, ಸಮಯ ಇತ್ಯಾದಿ ಇದರಲ್ಲಿರುತ್ತವೆ. ಮೊದಲ ಬ್ಲಾಕಿನ ಸಮಯ 29, ಎಬಿ, 5ಎಫ್, 49. ತಿರುಗಿಸಿ ಓದಿದರೆ 1,23,10,06,505. 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ನಮ್ಮ ಗಡಿಯಾರದಲ್ಲಿ 2009ರ ಜನವರಿ 3, ರಾತ್ರಿ 11 ಗಂಟೆ 45 ನಿಮಿಷ 5 ಸೆಕೆಂಡು. ಇಷ್ಟು ಖಚಿತವಾದ ಸಮಯ ಕಂಡಾಗ ನಂಬಿಕೆ ಹುಟ್ಟುವುದು ಸಹಜ. ಆದರೆ ಈ ಸಮಯವನ್ನು ಬರೆಯುವವರು ಬ್ಲಾಕ್ ಕಟ್ಟಿದವರೇ. ಹಿಂದಿನ 11 ಬ್ಲಾಕ್‌ಗಳ ಸಮಯದ ಮಧ್ಯಾಂಕಕ್ಕಿಂತ ಮುಂದಿರಬೇಕು, ಎರಡು ಗಂಟೆಗಿಂತ ಹೆಚ್ಚು ಭವಿಷ್ಯಕ್ಕೆ ಹೋಗಬಾರದು ಎಂಬಷ್ಟೇ ಕಟ್ಟುಪಾಡು. ಹಾಗಾಗಿ ಮುಂದಿನ ಬ್ಲಾಕಿನ ಗಡಿಯಾರ ಹಿಂದಿನದಕ್ಕಿಂತ ಹಿಂದೆ ಇರುವ ಪ್ರಸಂಗಗಳೂ ಉಂಟು. ಇನ್ನೊಂದು ವಿಚಿತ್ರ: ಬ್ಲಾಕ್ ತನ್ನ ಸ್ವಂತ ಹ್ಯಾಶನ್ನು ಎಲ್ಲೂ ಹೇಳಿಕೊಳ್ಳುವುದಿಲ್ಲ. 80 ಬೈಟನ್ನು ಎರಡು ಸಲ ಎಸ್‌ಎಚ್‌ಎ-256ಕ್ಕೆ ಹಾಕಿ ನಾವೇ ಕಂಡುಕೊಳ್ಳಬೇಕು. ವಹಿವಾಟಿನ ಗುರುತು ಸಂಖ್ಯೆಯೂ ಅಷ್ಟೆ, ಬರೆದಿಟ್ಟದ್ದಲ್ಲ, ಲೆಕ್ಕ ಹಾಕಿ ತೆಗೆದದ್ದು.

ಮೊದಲ ಬ್ಲಾಕಿನಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಅಂದಿನ ತಲೆಬರಹವನ್ನು ಹುದುಗಿಸಿದ ಕಥೆಯನ್ನು ಎಲ್ಲರೂ ಹೇಳಿದ್ದಾರೆ, ನಾನು ಮತ್ತೆ ಹೇಳುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಬೈಟ್‌ಗಳು. 50 ಬಿಟ್‌ಕಾಯಿನ್ ಯಾರಿಗೆ ಹೋಯಿತು ಎಂಬ ಜಾಗ ಅದು. ಹಲವು ಎಕ್ಸ್‌ಪ್ಲೋರರುಗಳು ಅಲ್ಲಿ 1ರಿಂದ ಶುರುವಾಗುವ ಪ್ರಸಿದ್ಧ ವಿಳಾಸವೊಂದನ್ನು ತೋರಿಸುತ್ತವೆ. ಕಡತದಲ್ಲಿ ಆ ವಿಳಾಸ ಇಲ್ಲ. ಇರುವುದು 65 ಬೈಟಿನ ಒಂದು ಸಾರ್ವಜನಿಕ ಕೀಲಿ, ಅದರ ಬಾಲಕ್ಕೆ ‘ಈ ಕೀಲಿಯ ಸಹಿ ಪರಿಶೀಲಿಸು’ ಎಂಬ ಒಂದು ಬೈಟಿನ ಆದೇಶ. ಕೀಲಿಯನ್ನು ಹ್ಯಾಶ್ ಮಾಡಿ, ತಾಳೆ ನೋಡುವ ಅಂಕಿಗಳನ್ನು ಸೇರಿಸಿ, ಸೊನ್ನೆ ಮತ್ತು ದೊಡ್ಡ ‘ಓ’ ಅಂಥ ಗೊಂದಲದ ಅಕ್ಷರಗಳನ್ನು ಬಿಟ್ಟ 58 ಚಿಹ್ನೆಗಳಲ್ಲಿ ಬರೆದರೆ ವಿಳಾಸ ಸಿಗುತ್ತದೆ. ಅಂದರೆ ಆ ವಿಳಾಸ ತಾಣದವರು ನಮಗೆ ಮಾಡಿದ ಉಪಕಾರ. ಈ ಉಪಕಾರಕ್ಕೆ ಪರಿಣಾಮವೂ ಇದೆ. ಅಭಿಮಾನಿಗಳು ಇಂದಿಗೂ ಆ ವಿಳಾಸಕ್ಕೆ ಕಾಣಿಕೆಯಂತೆ ಚಿಲ್ಲರೆ ಬಿಟ್‌ಕಾಯಿನ್ ಕಳಿಸುತ್ತಾರೆ. ಅಂಥ ತಾಣಗಳು ಆ ಕಾಣಿಕೆಯನ್ನೂ ಮೂಲದ 50ನ್ನೂ ಕೂಡಿಸಿ ಒಂದೇ ಉಳಿಕೆ ತೋರಿಸುತ್ತವೆ. ಮೂಲದ 50 ಖರ್ಚು ಮಾಡಲು ಬಾರದ ಹಣ, ತಂತ್ರಾಂಶ ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ. ಕಾಣಿಕೆಗೆ ಆ ತೊಡಕು ಇಲ್ಲ.

ಇನ್ನು ಕಳಿಸಿದವರ ವಿಷಯ. ವಹಿವಾಟಿನ ಒಳಬರುವ ಕಡೆಯಲ್ಲಿ ಇರುವುದು 36 ಬೈಟಿನ ಒಂದು ಉಲ್ಲೇಖ ಮತ್ತು ಒಂದು ಸಹಿ. ‘ಇಂಥ ಹಳೆಯ ವಹಿವಾಟಿನ ಇಷ್ಟನೇ ಬಾಬತ್ತನ್ನು ಈಗ ಖರ್ಚು ಮಾಡುತ್ತಿದ್ದೇನೆ’ ಎಂದಷ್ಟೇ ಆ ಉಲ್ಲೇಖ ಹೇಳುತ್ತದೆ. ಅದರ ಮೊತ್ತ ಎಷ್ಟು ಎಂದು ಕೂಡ ಅಲ್ಲಿ ಬರೆದಿಲ್ಲ. ಹಳೆಯ ವಹಿವಾಟನ್ನು ಹುಡುಕಿ ತೆಗೆದು ನೋಡಬೇಕು. 2009ರ ಜನವರಿ 12ರ 170ನೇ ಬ್ಲಾಕ್ ಇದಕ್ಕೆ ಒಳ್ಳೆಯ ಉದಾಹರಣೆ. 9ನೇ ಬ್ಲಾಕಿನ 50 ಬಿಟ್‌ಕಾಯಿನ್ ಅಲ್ಲಿ 10 ಮತ್ತು 40 ಎಂದು ಒಡೆದಿದೆ. 40 ಹೋದದ್ದು ಹಣ ಬಂದ ಕೀಲಿಗೇ, ಹಾಗಾಗಿ ಅದು ಚಿಲ್ಲರೆ ವಾಪಸ್ಸು ಎಂದು ತರ್ಕಿಸಬಹುದು. 10 ಪಡೆದವರು ಹಾಲ್ ಫಿನ್ನಿ ಎಂಬ ಕ್ರಿಪ್ಟೋಗ್ರಫಿ ತಜ್ಞರು, ಸತೋಷಿಯಿಂದ ಬಿಟ್‌ಕಾಯಿನ್ ಪಡೆದ ಮೊದಲಿಗರು. ಇದು ನಮಗೆ ಗೊತ್ತಾದದ್ದು ಬ್ಲಾಕ್‌ಚೈನ್ ಓದಿ ಅಲ್ಲ, 2014ರಲ್ಲಿ ತೀರಿಕೊಳ್ಳುವ ಮುನ್ನ ಫಿನ್ನಿ ತಾವೇ ಬರೆದು ಹೇಳಿದ್ದರಿಂದ. ಕಡತದಲ್ಲಿ ಇರುವುದು ಎರಡು ಕೀಲಿ, ಎರಡು ಮೊತ್ತ.

ಶುಲ್ಕ ಇನ್ನೂ ತಮಾಷೆ. ಒಳಬಂದ ಮೊತ್ತದಲ್ಲಿ ಹೊರಹೋದ ಮೊತ್ತ ಕಳೆದರೆ ಉಳಿದದ್ದೆಲ್ಲ ಶುಲ್ಕ. ಬರೆಯುವವನು ಚಿಲ್ಲರೆ ವಾಪಸ್ಸಿನ ಲೆಕ್ಕದಲ್ಲಿ ಎಡವಿದರೆ ಮಿಕ್ಕಿದ್ದು ಸೀದಾ ಬ್ಲಾಕ್ ಕಟ್ಟಿದ ಮೈನರ್ ಜೇಬಿಗೆ. 2023ರ ಸೆಪ್ಟೆಂಬರಿನಲ್ಲಿ ಪ್ಯಾಕ್ಸೋಸ್ ಕಂಪನಿಯ ಒಂದೇ ವಹಿವಾಟಿನಲ್ಲಿ ಸುಮಾರು 20 ಬಿಟ್‌ಕಾಯಿನ್, ಅಂದಿನ ಬೆಲೆಗೆ ಐದು ಲಕ್ಷ ಡಾಲರಿನಷ್ಟು, ಶುಲ್ಕವಾಗಿ ಹೋಯಿತು. ಎಫ್2ಪೂಲ್ ಎಂಬ ಮೈನಿಂಗ್ ಪೂಲ್ ಅದನ್ನು ಮರಳಿಸಿತು. ಮರಳಿಸಲೇಬೇಕೆಂಬ ನಿಯಮ ಬಿಟ್‌ಕಾಯಿನ್ನಿನಲ್ಲಿ ಇಲ್ಲ.

ಉಳಿಕೆ ಬೇಕಾದರೆ ಮೊದಲ ಬ್ಲಾಕಿನಿಂದ ಹಿಡಿದು ಕಿರ್ದಿ ಪೂರ್ತಿ ಓದಿ, ಹುಟ್ಟಿದ ಬಾಬತ್ತುಗಳನ್ನು ಬರೆದುಕೊಳ್ಳುತ್ತ, ಖರ್ಚಾದವನ್ನು ಹೊಡೆದುಹಾಕುತ್ತ ಬರಬೇಕು. ಬಾಬತ್ತನ್ನು ಗುರುತಿಸುವುದು ವಹಿವಾಟಿನ ಗುರುತು ಸಂಖ್ಯೆಯಿಂದ, ಅದು ಒಂದಕ್ಕೆ ಒಂದೇ ಎಂಬುದು ಎಲ್ಲರ ನಂಬಿಕೆ. 2010ರ ನವೆಂಬರಿನಲ್ಲಿ ಆ ನಂಬಿಕೆ ಎರಡು ಸಲ ಮುರಿದಿದೆ. 91722 ಮತ್ತು 91880ನೇ ಬ್ಲಾಕ್‌ಗಳಲ್ಲಿ, ಬ್ಲಾಕ್ ಕಟ್ಟಿದವರಿಗೆ ಹೊಸ ಹಣ ಕೊಡುವ ಬಹುಮಾನದ ವಹಿವಾಟು ಬೈಟ್ ಬೈಟೂ ಒಂದೇ. 91812 ಮತ್ತು 91842ರಲ್ಲೂ ಅದೇ ಕಥೆ. ಬೈಟ್ ಒಂದೇ ಆದರೆ ಹ್ಯಾಶ್ ಒಂದೇ, ಹ್ಯಾಶ್ ಒಂದೇ ಆದರೆ ಗುರುತು ಸಂಖ್ಯೆ ಒಂದೇ. ಎರಡನೆಯದು ಮೊದಲನೆಯದರ ಮೇಲೆ ಕೂತಿತು, 100 ಬಿಟ್‌ಕಾಯಿನ್ ಹೇಳಹೆಸರಿಲ್ಲದೆ ಹೋಯಿತು. ಬಹುಮಾನದ ವಹಿವಾಟಿನಲ್ಲಿ ಬ್ಲಾಕ್ ಎಷ್ಟನೆಯದು ಎಂದು ಬರೆಯಲೇಬೇಕು ಎಂಬ ನಿಯಮ ಬಂದದ್ದು ಆಮೇಲೆ. ಈ ನಾಲ್ಕು ಬ್ಲಾಕಿನ ಸಂಗತಿ ತಿಳಿಯದೆ ಬರೆದ ಪ್ರೋಗ್ರಾಂ ಹುಟ್ಟಿದ ಹಣವನ್ನೆಲ್ಲ ಕೂಡಿಸಿ ಒಂದು ಮೊತ್ತ ಕೊಡುತ್ತದೆ, ಬಿಟ್‌ಕಾಯಿನ್ ಕೋರ್ ಇನ್ನೊಂದು ಕೊಡುತ್ತದೆ.

ಕಾಲ ಕಳೆದಂತೆ ಬರವಣಿಗೆಯ ಕ್ರಮವೂ ಬದಲಾಗಿದೆ. 2017ರ ಸೆಗ್‌ವಿಟ್ ಬದಲಾವಣೆ ತಂದ ಹೊಸ ರೂಪದ ವಹಿವಾಟುಗಳನ್ನು ಹಳೆಯ ಪ್ರೋಗ್ರಾಂ ಓದಿದರೆ ‘ಒಳಬಂದದ್ದು ಸೊನ್ನೆ’ ಎಂದು ತಿಳಿದು ದಾರಿ ತಪ್ಪುತ್ತದೆ. 2024ರ ಅಕ್ಟೋಬರಿನಲ್ಲಿ ಬಂದ ಕೋರ್‌ನ 28ನೇ ಆವೃತ್ತಿಯಿಂದ ಹೊಸದಾಗಿ ಇಳಿಸಿದ ಕಡತಗಳನ್ನು ಎಂಟು ಬೈಟಿನ ಕೀಲಿಯೊಂದಿಗೆ ಕಲೆಸಿ ಇಡಲಾಗುತ್ತಿದೆ. ಹಾಗಾಗಿ ಈಗ ತೆರೆದರೆ ಎಫ್9, ಬಿಇ ಕಾಣುವುದಿಲ್ಲ. ಗುಟ್ಟು ಮಾಡುವುದಕ್ಕಲ್ಲ, ಕೀಲಿ ಪಕ್ಕದ ಕಡತದಲ್ಲೇ ಇದೆ. ಯಾರೋ ಬ್ಲಾಕ್‌ಚೈನಿಗೆ ತುರುಕಿದ ಬೈಟ್‌ಗಳನ್ನು ವೈರಸ್ ಎಂದು ಬಗೆದು ಆಂಟಿವೈರಸ್ ತಂತ್ರಾಂಶ ಕಡತವನ್ನೇ ಅಳಿಸಿಬಿಡಬಾರದೆಂಬ ಮುನ್ನೆಚ್ಚರಿಕೆ.

ಇಷ್ಟು ವಿವರ ಏಕೆಂದರೆ, ಪರದೆಯ ಮೇಲೆ ಕಾಣುವ ಅಚ್ಚುಕಟ್ಟಾದ ಕೋಷ್ಟಕದಲ್ಲಿ ಓದಿದ್ದೆಷ್ಟು, ಊಹಿಸಿದ್ದೆಷ್ಟು ಎಂಬ ಪ್ರಶ್ನೆ ಈಗ ಪ್ರೋಗ್ರಾಮರುಗಳ ಹರಟೆಗೆ ಸೀಮಿತವಾಗಿ ಉಳಿದಿಲ್ಲ. ವಿಳಾಸದಿಂದ ಮನುಷ್ಯನ ತನಕ ಹೋಗಲು ಊಹೆಯ ಏಣಿ ಬೇಕು. ಅದರ ಮೊದಲ ಮೆಟ್ಟಿಲು: ಒಂದು ವಹಿವಾಟಿನಲ್ಲಿ ಹಲವು ಬಾಬತ್ತುಗಳು ಒಟ್ಟಿಗೆ ಖರ್ಚಾದರೆ ಅವೆಲ್ಲ ಒಬ್ಬನವೇ ಎಂದು ಭಾವಿಸುವುದು. ಸತೋಷಿಯ 2008ರ ಪ್ರಬಂಧದಲ್ಲೇ ಈ ಸುಳಿವು ಇದೆ. ಸಂಶೋಧಕಿ ಸಾರಾ ಮೈಕಲ್‌ಜಾನ್ ಮತ್ತು ಸಂಗಡಿಗರು 2013ರಲ್ಲಿ ಇದನ್ನು ಹಿಡಿದು, ತಾವೇ ನೂರಾರು ಸಣ್ಣಪುಟ್ಟ ವಹಿವಾಟು ನಡೆಸಿ, ಯಾವ ವಿಳಾಸದ ಗುಂಪು ಯಾವ ಸಂಸ್ಥೆಯದು ಎಂದು ಪಟ್ಟಿ ಮಾಡಿದರು. ಅದೇ ವರ್ಷ ಬಿಟ್‌ಕಾಯಿನ್ ಪ್ರೋಗ್ರಾಮರ್ ಗ್ರೆಗರಿ ಮ್ಯಾಕ್ಸ್‌ವೆಲ್ ‘ಕಾಯಿನ್‌ಜಾಯಿನ್’ ಎಂಬ ಉಪಾಯ ಮುಂದಿಟ್ಟರು. ಪರಸ್ಪರ ಪರಿಚಯವಿಲ್ಲದ ಹಲವರು ಕೂಡಿ ಒಂದೇ ವಹಿವಾಟು ಬರೆದರೆ ಮೊದಲ ಮೆಟ್ಟಿಲೇ ಕುಸಿಯುತ್ತದೆ. ಒಬ್ಬನ ವಹಿವಾಟು ಯಾವುದು, ಹಲವರದು ಯಾವುದು ಎಂದು ಬೈಟ್ ನೋಡಿ ಖಡಾಖಂಡಿತವಾಗಿ ಬೇರೆ ಮಾಡಲು ಬರುವುದಿಲ್ಲ.

ಅಮೆರಿಕದಲ್ಲಿ, ಬಿಟ್‌ಕಾಯಿನ್ ಜಾಡು ಮರೆಸುವ ಸೇವೆಯಾದ ‘ಬಿಟ್‌ಕಾಯಿನ್ ಫಾಗ್’ ಪ್ರಕರಣದಲ್ಲಿ ಈ ವಾದ ನ್ಯಾಯಾಲಯದ ಮುಂದೆಯೇ ನಡೆಯಿತು. ಬ್ಲಾಕ್‌ಚೈನ್ ವಿಶ್ಲೇಷಿಸುವ ಚೈನಾಲಿಸಿಸ್ ಕಂಪನಿಯ ತಂತ್ರಾಂಶದ ಒಳಗುಟ್ಟು ಬಯಲಾಗಿಲ್ಲ, ಅದರ ತಪ್ಪಿನ ಪ್ರಮಾಣ ಎಷ್ಟೆಂದು ಯಾರಿಗೂ ಗೊತ್ತಿಲ್ಲ ಎಂದು ಪ್ರತಿವಾದಿ ವಕೀಲರು ವಾದಿಸಿದರು. ನ್ಯಾಯಾಧೀಶರು ಆ ಸಾಕ್ಷ್ಯವನ್ನು ಒಪ್ಪಿಕೊಂಡರು, 2024ರ ಮಾರ್ಚಿನಲ್ಲಿ ಜ್ಯೂರಿ ಆರೋಪಿಯನ್ನು ತಪ್ಪಿತಸ್ಥನೆಂದಿತು. ಬೇರೆ ಸಾಕ್ಷ್ಯಗಳೂ ಇದ್ದವು ನಿಜ. ಆದರೂ ವಕೀಲರ ಪ್ರಶ್ನೆ ಸರಿಯಾದದ್ದೇ ಎಂದು ನನ್ನ ಅಭಿಪ್ರಾಯ.

ನಮ್ಮಲ್ಲೂ ಈ ಪ್ರಶ್ನೆ ದೂರದ್ದಲ್ಲ. ಬೆಂಗಳೂರಿನಲ್ಲಿ 2020ರ ಕೊನೆಗೆ ಒಬ್ಬ ಹ್ಯಾಕರ್ ಬಂಧನದೊಂದಿಗೆ ಶುರುವಾದ ಬಿಟ್‌ಕಾಯಿನ್ ಪ್ರಕರಣ ಮರುವರ್ಷ ರಾಜ್ಯದ ರಾಜಕಾರಣವನ್ನೇ ಅಲುಗಾಡಿಸಿ, 2023ರಲ್ಲಿ ವಿಶೇಷ ತನಿಖಾ ತಂಡದ ಕೈಗೆ ಬಂತು. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ ಇದೆ, ಜುಲೈನಿಂದ ಶೇ 1 ಟಿಡಿಎಸ್ ಸೇರಿಕೊಂಡಿದೆ. ಪೊಲೀಸರೂ ತೆರಿಗೆ ಅಧಿಕಾರಿಗಳೂ ಇಂಥ ಕೋಷ್ಟಕಗಳನ್ನು ಕಡತಕ್ಕೆ ಸೇರಿಸುವ ಕಾಲ ಇದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ವಿದ್ಯುನ್ಮಾನ ದಾಖಲೆಯ ಜೊತೆ ಹ್ಯಾಶ್ ಸಹಿತ ಪ್ರಮಾಣಪತ್ರ ಕೇಳುತ್ತದೆ. ಒಳ್ಳೆಯದೇ. ಆದರೆ ಹ್ಯಾಶ್ ಹೇಳುವುದು ಮುದ್ರಿಸಿ ತಂದ ಕೋಷ್ಟಕವನ್ನು ಯಾರೂ ತಿದ್ದಿಲ್ಲ ಎಂದು ಮಾತ್ರ. ಕೋಷ್ಟಕದ ಒಳಗಿನ ‘ಕಳಿಸಿದವರು’ ಎಂಬ ಕಾಲಂ ಎಲ್ಲಿಂದ ಬಂತು ಎಂದು ಅದು ಹೇಳುವುದಿಲ್ಲ.

ನನ್ನ ಪ್ರೋಗ್ರಾಂಗೆ ಕಿಟಕಿ, ಗುಂಡಿ, ಬಣ್ಣ ಯಾವುದೂ ಇಲ್ಲ. ಒಂದು ವಹಿವಾಟಿಗೆ ಒಂದು ಸಾಲು ಉಗುಳುತ್ತದೆ, ಅದನ್ನು ಯುನಿಕ್ಸಿನ ಪೈಪಿಗೆ ಕೊಟ್ಟು ಗ್ರೆಪ್, ಸಾರ್ಟ್ ಮಾಡಿಕೊಳ್ಳಬಹುದು. 1973ರಿಂದ ಇರುವ ಪೈಪನ್ನು ಮೀರಿಸಿದ್ದು ನನಗಂತೂ ಇನ್ನೂ ಸಿಕ್ಕಿಲ್ಲ. ಸುಮ್ಮನೆ ನಡೆಸಿದರೆ ಕಡತದಲ್ಲಿರುವ ಬೈಟ್‌ಗಳನ್ನು ಮಾತ್ರ ಬಿಡಿಸಿ ಹೇಳುತ್ತದೆ. ಲೆಕ್ಕ ಹಾಕಿ ತೆಗೆದ ಗುರುತು, ಶುಲ್ಕ, ವಿಳಾಸಗಳು ಬೇಕಿದ್ದರೆ ಬೇರೆ ಆಯ್ಕೆ ಕೊಟ್ಟು ಕೇಳಬೇಕು. ಚಿಲ್ಲರೆ ಯಾವುದು, ಒಡೆಯ ಒಬ್ಬನೇ ಅಲ್ಲವೇ ಎಂಬಂಥ ಊಹೆಗಳಿಗೆ ಮೂರನೆಯ ಆಯ್ಕೆ, ಆ ಸಾಲುಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಇದನ್ನು ಮಾಡಲು ದೊಡ್ಡ ಜಾಣತನ ಬೇಕಿಲ್ಲ. ಲಕ್ಷಾಂತರ ಡಾಲರಿಗೆ ಮಾರುವ ತಂತ್ರಾಂಶಗಳೂ ಮಾಡಬಹುದು.

ಹಾಗಾಗಿ ವಕೀಲ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ಕಕ್ಷಿದಾರನ ವಿರುದ್ಧ ಬ್ಲಾಕ್‌ಚೈನ್ ವರದಿ ಬಂದರೆ ಪ್ರಮಾಣಪತ್ರ ನೋಡಿ ಸುಮ್ಮನಾಗಬೇಡಿ. ಸಾಕ್ಷಿಕಟ್ಟೆಯಲ್ಲಿ ನಿಂತ ತಜ್ಞರಿಗೆ ವರದಿಯ ಒಂದೊಂದು ಕಾಲಂ ತೋರಿಸಿ, ಇದು ಬ್ಲಾಕಿನಲ್ಲಿ ಎಷ್ಟನೇ ಬೈಟಿನಲ್ಲಿದೆ ಎಂದು ಕೇಳಿ.