ದೂರವನ್ನು ಯಾವುದರಿಂದ ಅಳೆಯಬೇಕು?

ಮಗಳು ಮೇಲಣ ವ್ಯಾಸಂಗಕ್ಕಾಗಿ ಪರಸ್ಥಳಕ್ಕೆ ಹೋಗಬೇಕೆಂಬ ಮಾತು ಬಂದೊಡನೆ, "ಅದು ಬಹು ದೂರವಲ್ಲವೇ?" ಎಂದು ಮನೆಯವರು ಕೇಳುವುದುಂಟು. ಈ ಪ್ರಶ್ನೆಯು ವಾತ್ಸಲ್ಯದಿಂದ ಹುಟ್ಟಿದುದು. ನಾವು ಅದನ್ನು ಲಘುವಾಗಿ ಎಣಿಸಲಾರೆವು. ಆದರೂ ದೂರವನ್ನು ಯಾವ ಅಳತೆಗೋಲಿನಿಂದ ಅಳೆಯತಕ್ಕದ್ದೆಂಬುದನ್ನು ತಾಯಿತಂದೆಗಳೂ ನಮ್ಮ ಪೂರ್ವ ವಿದ್ಯಾರ್ಥಿನಿಯರೂ ಒಮ್ಮೆ ಆಲೋಚಿಸಬೇಕೆಂದು ನಮ್ಮ ಬಿನ್ನಹ.

1881ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ಆಂಗ್ಲ ವಿದ್ವಾಂಸನು ಒಂದು ಹೊಸ ಬಗೆಯ ಭೂಪಟವನ್ನು ಪ್ರಕಟಿಸಿದನು. ಲಂಡನ್ನಿನಿಂದ ಹೊರಟವರು 10 ದಿನಗಳೊಳಗೆ ತಲಪಬಹುದಾದ ಸ್ಥಳಗಳಿಗೆ ಒಂದು ಬಣ್ಣ, 20 ದಿನಗಳೊಳಗೆ ತಲಪುವವುಗಳಿಗೆ ಇನ್ನೊಂದು. ಹೀಗೆ 40 ದಿನಗಳನ್ನು ಮೀರಿದ ನಾಡುಗಳ ವರೆಗೆ ಐದು ಬಣ್ಣಗಳು. ಅದರಲ್ಲಿ ಅಟ್ಲಾಂಟಿಕ್ ಸಾಗರದಾಚೆಯ ರೇವುಗಳು ಸಮೀಪವಾಗಿಯೂ ಆಫ್ರಿಕದ ಒಳನಾಡು ಬಹು ದೂರವಾಗಿಯೂ ಕಾಣುವುವು. ಹಡಗೂ ರೈಲೂ ಮುಟ್ಟಿದ ಸ್ಥಳವು ಹತ್ತಿರ, ಮುಟ್ಟದಿದ್ದುದು ದೂರ.

ನಮ್ಮ ಕರಾವಳಿಯವರಿಗೂ ಇದರ ಅನುಭವವುಂಟು. ಮಂಗಳೂರಿನಿಂದ ಮುಂಬಯಿಗೆ ಹೋಗುವ ರೈಲು ಪ್ರಯಾಣಿಕರು ಬಹುಕಾಲ ಪಾಲಕ್ಕಾಡಿನ ಕಡೆಯಿಂದ ಸುತ್ತಿಕೊಂಡು, ಒಂದು ದಿನಕ್ಕೂ ಮಿಕ್ಕಿದ ಕಾಲವನ್ನು ಕಳೆಯಬೇಕಾಗಿತ್ತು. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾದ ಮೇಲೆ ಈ ಪ್ರಯಾಣವು ಸುಮಾರು 15 ಗಂಟೆಗಳಿಗೆ ಇಳಿಯಿತು. ಎರಡು ಪಟ್ಟಣಗಳೂ ಇದ್ದಲ್ಲಿಯೇ ಇವೆ. ನಡುವಣ ದೂರವು ಮಾತ್ರ ಜನರ ಮನಸ್ಸಿನಲ್ಲಿ ಕುಗ್ಗಿತು.

ಆದರೆ ವೇಗದ ಲಾಭವು ಎಲ್ಲರಿಗೂ ಸಮನಾಗಿ ದೊರೆಯುವುದಿಲ್ಲ. ವೇಗದ ರೈಲು ಸಣ್ಣ ನಿಲ್ದಾಣಗಳಲ್ಲಿ ನಿಲ್ಲದು. ಅದು ದೊಡ್ಡ ಪಟ್ಟಣಗಳನ್ನು ಒಂದಕ್ಕೊಂದು ಸಮೀಪಿಸಿದಷ್ಟೂ, ಹೆದ್ದಾರಿಯಿಂದ ಒಳಗಿರುವ ಹಳ್ಳಿಯು ಹಿಂದುಳಿಯುವುದು. ಮಳೆಗಾಲದಲ್ಲಿ ಹೊಳೆಯನ್ನು ದಾಟಿ, ಬಸ್ಸಿಗಾಗಿ ಕಾದು, ಎರಡು ಗಂಟೆ ವ್ಯಯಮಾಡಿ ಶಾಲೆಗೆ ಬರುವ ಹುಡುಗಿಗೆ ಐದು ಮೈಲಿಯೇ ಪರದೇಶ. 2023ರಲ್ಲಿ ನಮ್ಮ ರಾಜ್ಯದ ಸರಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣದ ಏರ್ಪಾಡಾದುದು ಸ್ತುತ್ಯವೇ. ಆದರೆ ಸರಕಾರಿ ಬಸ್ಸೇ ಬಾರದ ಹಾದಿಯಲ್ಲಿ ಅದರಿಂದ ಫಲವೇನು?

ಆದುದರಿಂದ ಭೂಗೋಳದ ತರಗತಿಯಲ್ಲಿ ಮೈಲಿಗಳ ಪಟದ ಪಕ್ಕದಲ್ಲಿ ಕಾಲದ ಪಟವೊಂದೂ ಇರತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಶಾಲೆಯ ಬಾಗಿಲೇ ಅದರ ಮಧ್ಯಬಿಂದುವಾಗಲಿ. ಪ್ರತಿಯೊಬ್ಬ ಹುಡುಗಿಯೂ ತಾನು ನಡೆಯುವ ಹೊತ್ತು, ಕಾಯುವ ಹೊತ್ತು, ಬಸ್ಸಿನಲ್ಲಿ ಕಳೆಯುವ ಹೊತ್ತು ಇವುಗಳನ್ನು ಕೂಡಿಸಿ ತನ್ನ ಮನೆಯನ್ನು ಗುರುತಿಸಲಿ. ಯಾರಿಗೆ ನೆರವು ಬೇಕೆಂಬುದು ಆಗ ನಮಗೆಲ್ಲರಿಗೂ ಕಣ್ಣಿಗೆ ಕಾಣುವುದು. ಬಸ್ಸಿಗಾಗಿ ಅಧಿಕಾರಿಗಳನ್ನು ಕೇಳಿಕೊಳ್ಳಲು ಅಂಥ ಪಟಕ್ಕಿಂತ ಒಳ್ಳೆಯ ಅರ್ಜಿಯಿಲ್ಲ.

ತಾಯಿತಂದೆಗಳೂ ಮಗಳ ಮುಂದಿನ ವ್ಯಾಸಂಗವನ್ನು ನಿಶ್ಚಯಿಸುವಾಗ ಇದೇ ಲೆಕ್ಕವನ್ನು ಮಾಡಲಿ. ಎಷ್ಟು ಮೈಲಿ ಎಂಬುದಕ್ಕಿಂತ, ಎಷ್ಟು ಗಂಟೆ, ಎಷ್ಟು ವೆಚ್ಚ, ಕತ್ತಲಾಗುವ ಮುನ್ನ ತಲಪುವಳೇ, ಅಲ್ಲಿ ನೆಚ್ಚತಕ್ಕ ವಸತಿಯುಂಟೇ ಎಂದು ವಿಚಾರಿಸಲಿ. ಆಯಾ ಪಟ್ಟಣಗಳಲ್ಲಿ ನೆಲೆಸಿರುವ ಪೂರ್ವ ವಿದ್ಯಾರ್ಥಿನಿಯರು ಇದಕ್ಕೆ ಉತ್ತರ ಬರೆದು ತಿಳಿಸಿದರೆ ಮಹೋಪಕಾರವಾಗುವುದು. ಲೆಕ್ಕ ಹಾಕಿದ ಮೇಲೆ ಬೇಡವೆಂದರೆ ಅದು ವಿವೇಕ. ಲೆಕ್ಕವನ್ನೇ ಹಾಕದೆ "ದೂರ" ಎಂಬ ಒಂದು ಮಾತಿನಿಂದ ಬಾಗಿಲು ಮುಚ್ಚುವುದು ಹುಡುಗಿಗೆ ಮಾಡುವ ಅನ್ಯಾಯವೆಂದು ನಾವು ಹೇಳದಿರಲಾರೆವು.