ಆಟಗಾರ ಹೋಗಲಿ, ಬೆಳೆಸಿದವರ ಪಾಲು ಎಲ್ಲಿ?

2024ರ ಮಳೆಗಾಲದಲ್ಲಿ ಕೋಲ್ಕತ್ತದ ಫುಟ್‌ಬಾಲ್ ಅಭಿಮಾನಿಗಳ ಬಾಯಲ್ಲಿ ಇದ್ದದ್ದು ಒಂದೇ ಹೆಸರು, ಅನ್ವರ್ ಅಲಿ. ಪಂಜಾಬಿನ ಈ ಡಿಫೆಂಡರ್ ದೆಹಲಿ ಎಫ್‌ಸಿಯ ಆಟಗಾರನಾಗಿದ್ದರು. ಅಲ್ಲಿಂದ ನಾಲ್ಕು ವರ್ಷದ ಮಟ್ಟಿಗೆ ಎರವಲಾಗಿ ಮೋಹನ್ ಬಾಗಾನ್‌ಗೆ ಬಂದಿದ್ದರು. ಒಂದು ಋತು ಆಡಿದ ಮೇಲೆ ಆ ಒಪ್ಪಂದವನ್ನು ಮುರಿದು, ಬದ್ಧ ಎದುರಾಳಿ ಈಸ್ಟ್ ಬೆಂಗಾಲ್ ಜತೆ ಐದು ವರ್ಷದ ಕರಾರಿಗೆ ಸಹಿ ಹಾಕಿದರು. ಸೆಪ್ಟೆಂಬರ್ 10ರಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಸಮಿತಿ ಅವರಿಗೆ ನಾಲ್ಕು ತಿಂಗಳ ನಿಷೇಧ ಹೇರಿತು. ಮೋಹನ್ ಬಾಗಾನ್‌ಗೆ 12.90 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಅನ್ವರ್, ಈಸ್ಟ್ ಬೆಂಗಾಲ್, ದೆಹಲಿ ಎಫ್‌ಸಿ ಮೂವರಿಗೂ ಹೇಳಿತು. ಪ್ರಕರಣ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು, ವಾರದೊಳಗೆ ಆ ಆದೇಶ ಬಿದ್ದುಹೋಯಿತು. ಅನ್ವರ್ ಈಸ್ಟ್ ಬೆಂಗಾಲ್‌ನ ಕೆಂಪು-ಹಳದಿ ಅಂಗಿ ತೊಟ್ಟು ಮೈದಾನಕ್ಕಿಳಿದರು.

ಒಂದು ಕಡೆಯವರು ದ್ರೋಹಿ ಎಂದರು, ಇನ್ನೊಂದು ಕಡೆಯವರು ಮನೆಗೆ ಬಂದ ಮಗ ಎಂದರು. ಎರಡೂ ಕಡೆಯವರು ಮರೆತ ಸಂಗತಿ ಬೇರೆಯೇ ಇದೆ. ಹೃದಯದ ತೊಂದರೆ ಪತ್ತೆಯಾಗಿ, ಇನ್ನು ಆಡಬೇಡ ಎಂದು ಇದೇ ಫೆಡರೇಷನ್ ತಡೆದಾಗ ಅನ್ವರ್‌ಗೆ ಇಪ್ಪತ್ತು ವರ್ಷ. ಕೋರ್ಟಿಗೆ ಹೋಗಿ ಹೋರಾಡಿ ಮರಳಿದ ಆ ಹುಡುಗನಿಗೆ ಅಂಗಿ ಕೊಟ್ಟದ್ದು ದೆಹಲಿಯ ಸಣ್ಣ ಕ್ಲಬ್. ಕೋಲ್ಕತ್ತದ ಎರಡು ದೊಡ್ಡ ಕ್ಲಬ್‌ಗಳ ಜಗಳದಲ್ಲಿ ಆ ಅಧ್ಯಾಯ ಯಾರಿಗೂ ಬೇಕಾಗಲಿಲ್ಲ.

ಈ ಜಗಳ ನಡೆಯಲು ಸದರ್ನ್ ಅವೆನ್ಯೂಗಿಂತ ಸರಿಯಾದ ಜಾಗ ಕೋಲ್ಕತ್ತದಲ್ಲಿ ಹೆಚ್ಚಿಲ್ಲ. ದಾಖಲೆಯಲ್ಲಿ ಅದು ಡಾ. ಮೇಘನಾದ್ ಸಾಹಾ ಸರಣಿ. ಗೋಲ್‌ಪಾರ್ಕ್‌ನಿಂದ ಪಶ್ಚಿಮಕ್ಕೆ ಮರಗಳ ನೆರಳಿನಲ್ಲಿ ಸಾಗುವ ರಸ್ತೆ. ದಕ್ಷಿಣಕ್ಕೆ ರವೀಂದ್ರ ಸರೋವರ, ಅದರ ಪಕ್ಕದ ಕ್ರೀಡಾಂಗಣ. ಸಾಲ್ಟ್ ಲೇಕ್ ಕ್ರೀಡಾಂಗಣವನ್ನು 2017ರ ಹದಿನೇಳರೊಳಗಿನವರ ವಿಶ್ವಕಪ್‌ಗೆ ಸಜ್ಜುಗೊಳಿಸುತ್ತಿದ್ದಾಗ ಅಟ್ಲೆಟಿಕೊ ಡಿ ಕೋಲ್ಕತ್ತ ತನ್ನ 2016ರ ಪಂದ್ಯಗಳನ್ನು ಆಡಿದ್ದು ಇಲ್ಲಿ. ಮರುವರ್ಷ ಐ-ಲೀಗ್‌ಗೆ ಮೋಹನ್ ಬಾಗಾನ್ ಕೂಡ ಇಲ್ಲಿಗೇ ಬಂತು. ರಸ್ತೆಯ ಇನ್ನೊಂದು ಕಡೆ ವಿವೇಕಾನಂದ ಪಾರ್ಕ್. ಬೆಳಗ್ಗೆ ಕ್ರಿಕೆಟ್ ಕಿಟ್ ಹೊತ್ತ ಮಕ್ಕಳು, ಸಂಜೆ ಫುಚ್ಕಾ (ಪಾನಿಪೂರಿ) ಗಾಡಿಗಳು, ಅದರ ಸುತ್ತ ಮಾತು. ಹತ್ತಿರದ ಲೇಕ್ ಮಾರ್ಕೆಟ್‌ನಲ್ಲಿ ದಕ್ಷಿಣ ಭಾರತದ ಕುಟುಂಬಗಳು ಹಲವು ತಲೆಮಾರಿನಿಂದ ನೆಲೆಸಿವೆ. ಬಾಳೆಲೆ, ಫಿಲ್ಟರ್ ಕಾಫಿ ಅಲ್ಲಿ ಹುಡುಕಬೇಕಾದ ವಸ್ತುಗಳಲ್ಲ. ಸಮೀಪದ ಸೌತ್ ಎಂಡ್ ಪಾರ್ಕ್‌ನಲ್ಲಿ ಸಂಗೀತ ನಿರ್ದೇಶಕ ಎಸ್.ಡಿ. ಬರ್ಮನ್ ಅವರ ಮನೆ. ಮುಂಬೈಗೆ ಹೋದ ಮೇಲೂ ಬರ್ಮನ್ ಈಸ್ಟ್ ಬೆಂಗಾಲ್‌ನ ಕಟ್ಟಾ ಅಭಿಮಾನಿಯಾಗಿಯೇ ಉಳಿದರು. ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನು, ಮೋಹನ್ ಬಾಗಾನ್ ಗೆದ್ದರೆ ಸಿಗಡಿ ಎನ್ನುವ ಊರಿನಲ್ಲಿ ಕ್ಲಬ್ ನಿಷ್ಠೆ ಅಡುಗೆಮನೆಯ ತನಕ ಹೋಗುತ್ತದೆ.

ಅಂಥ ಊರಿನಲ್ಲಿ ಆಟಗಾರ ಕ್ಲಬ್ ಬದಲಿಸುವುದು ಹಬ್ಬವೂ ಹೌದು, ಯುದ್ಧವೂ ಹೌದು. ‘ದಲಬದಲ್’ ಎಂದು ಬಂಗಾಳಿಗಳು ಕರೆಯುವ ಆ ದಿನಗಳಲ್ಲಿ ಸೂಟರ್ಕಿನ್ ಸ್ಟ್ರೀಟ್‌ನಲ್ಲಿರುವ, ಬಂಗಾಳದ ಫುಟ್‌ಬಾಲ್ ನಡೆಸುವ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ (ಐಎಫ್‌ಎ) ಕಚೇರಿಯ ಮುಂದೆ ಜನ ಕಿಕ್ಕಿರಿಯುತ್ತಿದ್ದರು. ಸಹಿಯ ದಿನದವರೆಗೂ ಆಟಗಾರರನ್ನು ಹೋಟೆಲುಗಳಲ್ಲಿ, ಬೆಂಬಲಿಗರ ಮನೆಗಳಲ್ಲಿ ಅಡಗಿಸಿಡುತ್ತಿದ್ದರು. ಈಸ್ಟ್ ಬೆಂಗಾಲ್‌ನ ಜೀವನ್ ಚಕ್ರವರ್ತಿ ಮತ್ತು ಪಲ್ಟು ದಾಸ್ ಜೋಡಿ ಎದುರಾಳಿಯ ಆಟಗಾರರನ್ನು ಎತ್ತಿಕೊಂಡು ಬರುವುದರಲ್ಲಿ ಎಷ್ಟು ಪಳಗಿತ್ತೆಂದರೆ ‘ಜೀವನ್-ಪಲ್ಟು’ ಎಂಬುದು ಒಂದೇ ಹೆಸರಿನಂತೆ ಉಳಿದುಬಿಟ್ಟಿದೆ. 1985ರಲ್ಲಿ ಕೃಶಾನು ದೇ ಮತ್ತು ವಿಕಾಸ್ ಪಾಂಜಿ ಜೋಡಿ ಮೋಹನ್ ಬಾಗಾನ್ ಬಿಟ್ಟು ಈಸ್ಟ್ ಬೆಂಗಾಲ್‌ಗೆ ಬಂತು. 1991ರಲ್ಲಿ ನೈಜೀರಿಯಾದ ಚೀಮಾ ಒಕೋರಿ ಈಸ್ಟ್ ಬೆಂಗಾಲ್‌ನಿಂದ ಮೋಹನ್ ಬಾಗಾನ್‌ಗೆ ಹೋದಾಗ, ವಿದೇಶಿಯರನ್ನು ಆಡಿಸದ ಆ ಕ್ಲಬ್‌ನ ಸಂಪ್ರದಾಯವೇ ಮುರಿಯಿತು.

ಈಸ್ಟ್ ಬೆಂಗಾಲ್ ಹುಟ್ಟಿದ್ದೇ ಇಂಥ ಒಂದು ಮುನಿಸಿನಿಂದ. 1920ರ ಜುಲೈನಲ್ಲಿ ಮೋಹನ್ ಬಾಗಾನ್ ವಿರುದ್ಧದ ಪಂದ್ಯಕ್ಕೆ ಜೋಡಾಬಾಗಾನ್ ತಂಡ ಶೈಲೇಶ್ ಬೋಸ್ ಅವರನ್ನು ಕೈಬಿಟ್ಟಿತು. ಅದನ್ನು ಪ್ರತಿಭಟಿಸಿ ಕ್ಲಬ್ ತೊರೆದ ಸುರೇಶ್ ಚಂದ್ರ ಚೌಧುರಿ ಮತ್ತು ಸಂಗಡಿಗರು ಆಗಸ್ಟ್ 1ಕ್ಕೆ ಹೊಸ ಕ್ಲಬ್ ಕಟ್ಟಿದರು. ತೊರೆದು ಹೋಗುವುದನ್ನು ಪಾಪವೆನ್ನುವ ಅಭಿಮಾನಿ ಈ ಇತಿಹಾಸವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಇದೇ ಚರ್ಚೆ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಈಗ ತಾರಕಕ್ಕೇರಿದೆ. ಅಲ್ಲಿನ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ 2018ರ ಅಕ್ಟೋಬರ್‌ನಲ್ಲಿ ‘ಟ್ರಾನ್ಸ್‌ಫರ್ ಪೋರ್ಟಲ್’ ತೆರೆಯಿತು. ಕಾಲೇಜು ಬದಲಿಸಬೇಕೆನ್ನುವ ವಿದ್ಯಾರ್ಥಿಯ ಹೆಸರು ಅದರಲ್ಲಿ ಸೇರಿದರೆ ಬೇರೆ ಕಾಲೇಜಿನ ಕೋಚ್‌ಗಳು ನೇರವಾಗಿ ಮಾತಾಡಿಸಬಹುದು. ಮೊದಲು ಹಾಗೆ ಹೋದವರು ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿತ್ತು. 2021ರಲ್ಲಿ ಒಂದು ಬಾರಿಗೆ ಆ ಶಿಕ್ಷೆ ಹೋಯಿತು. 2024ರಲ್ಲಿ, ಓದಿನಲ್ಲಿ ಹಿಂದೆ ಬೀಳದಿದ್ದರೆ ಎಷ್ಟು ಬಾರಿ ಬೇಕಾದರೂ ಹೋಗಬಹುದೆಂದಾಯಿತು. 2021ರ ಜುಲೈನಿಂದ ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಲು ಆಟಗಾರರಿಗೆ ಅವಕಾಶ ಸಿಕ್ಕಿತು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು.

ಅಲ್ಲಿನ ಅಭಿಮಾನಿಗಳು ನೊಂದಿದ್ದಾರೆ. ನಾಲ್ಕು ವರ್ಷ ಒಂದೇ ಹುಡುಗ ಬೆಳೆಯುವುದನ್ನು ನೋಡುವ ಸುಖ ಹೋಯಿತು ಎನ್ನುತ್ತಾರೆ. ಆ ನೋವು ನಿಜವಾದದ್ದು. ಆದರೆ ಅದನ್ನು ಯಾರ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ?

2022ರ ಮಾರ್ಚ್‌ನಲ್ಲಿ ನ್ಯೂಜೆರ್ಸಿಯ ಸೇಂಟ್ ಪೀಟರ್ಸ್ ಎಂಬ ಪುಟ್ಟ ವಿಶ್ವವಿದ್ಯಾಲಯ ಬಲಾಢ್ಯ ಕೆಂಟಕಿಯನ್ನು ಮಣಿಸಿ ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರ ಘಟ್ಟ ತಲುಪಿತು. ಹದಿನೈದನೇ ಶ್ರೇಯಾಂಕದ ತಂಡವೊಂದು ಅಲ್ಲಿಗೆ ಬಂದದ್ದು ಅದೇ ಮೊದಲು. ಸೋತ ಕೆಲವೇ ದಿನಗಳಲ್ಲಿ ಕೋಚ್ ಶಹೀನ್ ಹಾಲೊವೇ ಸೀಟನ್ ಹಾಲ್‌ಗೆ ಹೋದರು. ಹಿಂದೆಯೇ ಪ್ರಮುಖ ಆಟಗಾರರು ಪೋರ್ಟಲ್ ಸೇರಿದರು. ಕೋಚ್ ಹೋಗಬಹುದು, ಹುಡುಗರು ಇರಬೇಕು ಎನ್ನಲು ನ್ಯಾಯ ಎಲ್ಲಿದೆ? ಕೋಲ್ಕತ್ತದಲ್ಲೂ ಪಿ.ಕೆ. ಬ್ಯಾನರ್ಜಿ ಈಸ್ಟ್ ಬೆಂಗಾಲ್‌ಗೆ ಸಾಲು ಸಾಲು ಕಪ್ ಗೆದ್ದುಕೊಟ್ಟು, 1975ರ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ 5-0 ಗೆಲುವು ತಂದು, ಮರುವರ್ಷ ಅದೇ ಮೋಹನ್ ಬಾಗಾನ್‌ನ ಕೋಚ್ ಆದರು. ಅವರ ದೊಡ್ಡತನಕ್ಕೆ ಅದರಿಂದ ಕುಂದು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಕೋಲ್ಕತ್ತ ಕೂಡ ವಿಶ್ವವಿದ್ಯಾಲಯದಿಂದ ಆಟಗಾರರನ್ನು ಹೆಕ್ಕಿದೆ. 1980ರಲ್ಲಿ ಈಸ್ಟ್ ಬೆಂಗಾಲ್‌ನ ಹೆಸರಾಂತ ಆಟಗಾರರು ಗುಂಪಾಗಿ ತಂಡ ಬಿಟ್ಟರು. ಆಗ ಕ್ಲಬ್ ಕರೆತಂದದ್ದು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇರಾನಿನ ವಿದ್ಯಾರ್ಥಿಗಳನ್ನು, ಮಜೀದ್ ಬಿಷ್ಕರ್ ಮತ್ತು ಜಮ್ಶಿದ್ ನಾಸಿರಿಯಂಥವರನ್ನು. ಮಜೀದ್ ಕಾಲಿಗೆ ಚೆಂಡು ಸಿಕ್ಕರೆ ಗ್ಯಾಲರಿ ಎದ್ದು ನಿಲ್ಲುತ್ತಿತ್ತು. ಎರಡೇ ವರ್ಷದಲ್ಲಿ ಇಬ್ಬರೂ ಊರಿನ ಮತ್ತೊಂದು ಕ್ಲಬ್ ಮೊಹಮ್ಮದನ್ ಸ್ಪೋರ್ಟಿಂಗ್ ಸೇರಿದರು. ಹಾಗೆಂದು 2019ರಲ್ಲಿ ಈಸ್ಟ್ ಬೆಂಗಾಲ್ ಶತಮಾನೋತ್ಸವಕ್ಕೆ ಮಜೀದ್ ಮರಳಿ ಬಂದಾಗ ಊರು ಮುಖ ತಿರುಗಿಸಲಿಲ್ಲ. ಅಲ್ಲಿಗೇ ಮುಗಿಯಲಿಲ್ಲ: 2022ರ ಜನವರಿ 29ರಂದು ಬದಲಿ ಆಟಗಾರನಾಗಿ ಇಳಿದು ಈಸ್ಟ್ ಬೆಂಗಾಲ್ ವಿರುದ್ಧ ಹ್ಯಾಟ್ರಿಕ್ ಹೊಡೆದ ಕಿಯಾನ್ ನಾಸಿರಿ, ಜಮ್ಶಿದ್ ಅವರ ಮಗ. ಅವರ ಮೈಮೇಲಿದ್ದದ್ದು ಮೋಹನ್ ಬಾಗಾನ್‌ನ ಅಂಗಿ. ಅಪ್ಪನ ಕ್ಲಬ್ಬೇ ಮಗನ ಕ್ಲಬ್ ಆಗಬೇಕೆಂದು ಯಾವ ಶಾಸ್ತ್ರವೂ ಇಲ್ಲ.

ಕನ್ನಡಿಗರಿಗೆ ಈ ಕತೆಯಲ್ಲಿ ತಮ್ಮದೇ ಪಾಲು ಇದೆ, ಅದೂ ದೊಡ್ಡ ಪಾಲು. 1934ರಿಂದ 1938ರವರೆಗೆ ಸತತ ಐದು ಬಾರಿ ಕಲ್ಕತ್ತ ಲೀಗ್ ಗೆದ್ದ ಮೊಹಮ್ಮದನ್ ಸ್ಪೋರ್ಟಿಂಗ್ ಬಂಗಾಳದಾಚೆಗೂ ಆಟಗಾರರನ್ನು ಹುಡುಕಿತ್ತು. ಬೆಂಗಳೂರು ಅದರ ಒಂದು ಗಣಿ. ಆ ಬೆಂಗಳೂರು ಎಷ್ಟು ಗಟ್ಟಿ ಇತ್ತೆಂದರೆ, 1937ರ ರೋವರ್ಸ್ ಕಪ್ ಫೈನಲ್‌ನಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಇದೇ ಮೊಹಮ್ಮದನ್ ಸ್ಪೋರ್ಟಿಂಗ್ ಅನ್ನು ಸೋಲಿಸಿ ಕಪ್ ಎತ್ತಿತು. 1940ರ ದಶಕದ ಕೊನೆಗೆ ಈಸ್ಟ್ ಬೆಂಗಾಲ್‌ನ ಜ್ಯೋತಿಷ್ ಚಂದ್ರ ಗುಹ ದಕ್ಷಿಣದ ಐವರು ಫಾರ್ವರ್ಡ್‌ಗಳನ್ನು ಒಂದುಗೂಡಿಸಿದರು. ವೆಂಕಟೇಶ್, ಅಪ್ಪಾ ರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಬಂಗಾಳ ಅವರನ್ನು ಪಂಚಪಾಂಡವರೆಂದು ಕರೆಯಿತು. ಬೂಟಿಲ್ಲದ ಕಾಲಲ್ಲಿ 1948ರ ಒಲಿಂಪಿಕ್ಸ್ ಆಡಿದ ಬೆಂಗಳೂರಿನ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್‌ನಲ್ಲಿ ಸುಮಾರು ಹತ್ತು ವರ್ಷ ಆಡಿ, 2017ರಲ್ಲಿ ತಮ್ಮೂರಿನಲ್ಲಿ ತೀರಿಕೊಂಡರು. 1962ರ ಏಷ್ಯನ್ ಕ್ರೀಡಾಕೂಟದ ಚಿನ್ನದ ತಂಡದಲ್ಲಿದ್ದ ಬೆಂಗಳೂರಿನ ಅರುಮೈನಾಯಗಂ ಮೋಹನ್ ಬಾಗಾನ್‌ನ ವಿಂಗರ್.

ಕಾರ್ಲ್‌ಟನ್ ಚಾಪ್ಮನ್ ಅವರನ್ನು ಈಗಿನ ನಡುವಯಸ್ಕರು ಕಣ್ಣಾರೆ ಕಂಡಿದ್ದಾರೆ. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರಗಳ ಬೆಂಗಳೂರು ಹೆತ್ತ ಮಿಡ್‌ಫೀಲ್ಡರ್. ಟಾಟಾ ಅಕಾಡೆಮಿಯಿಂದ 1993ರಲ್ಲಿ ಈಸ್ಟ್ ಬೆಂಗಾಲ್‌ಗೆ ಬಂದು, ಅದೇ ವರ್ಷ ಇರಾಕಿನ ಅಲ್ ಜವ್ರಾ ವಿರುದ್ಧ 6-2 ಗೆಲುವಿನಲ್ಲಿ ಹ್ಯಾಟ್ರಿಕ್ ಹೊಡೆದರು. 1995ರಲ್ಲಿ ಭೈಚುಂಗ್ ಭುಟಿಯಾ ಜತೆ ಪಂಜಾಬಿನ ಜೆಸಿಟಿಗೆ ಹೋದರು, ಅಲ್ಲಿ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದರು. ಆಮೇಲೆ ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. 2001ರಲ್ಲಿ ಅದೇ ಕ್ಲಬ್‌ನ ನಾಯಕನಾಗಿ ಲೀಗ್ ಎತ್ತಿದರು. ಬಿಟ್ಟುಹೋದದ್ದಕ್ಕೆ ಸಿಟ್ಟಾದ ಅಭಿಮಾನಿಯೇ ಆ ಕಪ್ ದಿನ ಕುಣಿದದ್ದು. 2020ರ ಅಕ್ಟೋಬರ್‌ನಲ್ಲಿ ಚಾಪ್ಮನ್ ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 49. ಮೊಹಮ್ಮದನ್‌ನಲ್ಲಿ ಆಡಿ ಈಸ್ಟ್ ಬೆಂಗಾಲ್‌ನ ನಾಯಕರೂ ಆದ ಬೆಂಗಳೂರಿನ ಇಲ್ಯಾಸ್ ಪಾಷಾ, ದೀರ್ಘ ಅನಾರೋಗ್ಯದ ಬಳಿಕ 2022ರ ಜನವರಿಯಲ್ಲಿ ತೀರಿಕೊಂಡರು. ಆಟಗಾರನ ಸಂಪಾದನೆಯ ವರ್ಷಗಳು ಹತ್ತೋ ಹನ್ನೆರಡೋ. ಆ ವರ್ಷಗಳಲ್ಲಿ ಹೆಚ್ಚು ಕೊಡುವ ಕಡೆ ಹೋಗುವವನನ್ನು ನಿಷ್ಠೆಯ ಹೆಸರಿನಲ್ಲಿ ತಡೆಯುವವರು, ಅವನ ಐವತ್ತನೇ ವಯಸ್ಸಿನ ಆಸ್ಪತ್ರೆ ಖರ್ಚಿಗೆ ಏನು ಮಾಡುತ್ತಾರೆಂದೂ ಹೇಳಬೇಕು. ಚುನಿ ಗೋಸ್ವಾಮಿ ಇಡೀ ಬದುಕು ಮೋಹನ್ ಬಾಗಾನ್‌ನಲ್ಲೇ ಆಡಿದರು, ಅದು ಅವರ ಆಯ್ಕೆ, ಅದಕ್ಕೆ ಗೌರವ ಸಲ್ಲಲೇಬೇಕು. ಎಲ್ಲರಿಂದಲೂ ಅದನ್ನು ಬಯಸುವುದು ಅನ್ಯಾಯ.

ಹಾಗಾದರೆ ನಷ್ಟವಾಗಿದ್ದು ಯಾರಿಗೆ? ಅಹ್ಮದ್ ಖಾನ್‌ನಿಂದ ಚಾಪ್ಮನ್‌ವರೆಗೆ ಪ್ರತಿಯೊಬ್ಬರನ್ನೂ ಹತ್ತು-ಹನ್ನೆರಡರ ವಯಸ್ಸಿನಲ್ಲಿ ಸಾಲಿನಲ್ಲಿ ನಿಲ್ಲಿಸಿ ಚೆಂಡು ಕೊಟ್ಟವರೊಬ್ಬರಿದ್ದರು. ಗಲ್ಲಿ ತಂಡದ ಹಿರಿಯ, ಶಾಲೆಯ ಪಿ.ಟಿ. ಮೇಷ್ಟ್ರು, ಲೀಗ್‌ನ ಕೆಳ ಡಿವಿಜನ್‌ನ ಕ್ಲಬ್ ಕಾರ್ಯದರ್ಶಿ. ಅವರ ಕೈಗೆ ಬಂದದ್ದು ಪೇಪರಿನಲ್ಲಿ ಹುಡುಗನ ಫೋಟೊ ಮಾತ್ರ. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ಮಕ್ಕಳಿಗೆ ಆಡಲು ಜಾಗ ಸಾಲದು. ಒಂದು ಕಾಲಕ್ಕೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಹುಡುಗರಿಗೆ ನೌಕರಿ ಕೊಟ್ಟು ಆಟ ಉಳಿಸಿದ್ದವು, ಆ ಆಸರೆಯೂ ಕರಗಿತು. 1969ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೈಸೂರು, ಕರ್ನಾಟಕವಾಗಿ ಅದನ್ನು ಮತ್ತೆ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ. ಐವತ್ನಾಲ್ಕು ವರ್ಷದ ಆ ಬರಕ್ಕೆ ಕಾರಣ ಒಂದೇ ಅಲ್ಲ. ಆದರೆ ಬೆಳೆಸುವ ಕೈಗೆ ಹಣ ತಿರುಗಿ ಬಾರದ ಊರಿನಲ್ಲಿ ಬೆಳೆ ಎಷ್ಟು ದಿನ ಬಂದೀತು?

ವಿಶ್ವ ಫುಟ್‌ಬಾಲ್ ಇದಕ್ಕೆ ದಾರಿ ಕಂಡುಕೊಂಡಿದೆ. ಒಂದು ದೇಶದಿಂದ ಇನ್ನೊಂದಕ್ಕೆ ಆಟಗಾರ ಹಣಕ್ಕೆ ಮಾರಾಟವಾದರೆ, ಆ ಮೊತ್ತದ ಶೇ 5ರಷ್ಟನ್ನು, ಹನ್ನೆರಡರಿಂದ ಇಪ್ಪತ್ಮೂರರವರೆಗೆ ಅವನಿಗೆ ತರಬೇತಿ ಕೊಟ್ಟ ಕ್ಲಬ್‌ಗಳಿಗೆಲ್ಲ ಹಂಚಬೇಕೆಂದು ಫಿಫಾ ನಿಯಮ ಹೇಳುತ್ತದೆ. ಅಮೆರಿಕದ ಪೋರ್ಟಲ್‌ನ ದೊಡ್ಡ ಕೊರತೆ ಇಲ್ಲೇ ಇದೆ: ಸೇಂಟ್ ಪೀಟರ್ಸ್‌ನಂಥ ಸಣ್ಣ ಕಾಲೇಜು ತಿದ್ದಿದ ಹುಡುಗ ದೊಡ್ಡ ಕಾಲೇಜಿಗೆ ಹೋದರೆ, ಹಾಗೆ ಪಾಲು ಕೊಡಲೇಬೇಕೆಂಬ ನಿಯಮ ಅಲ್ಲಿಲ್ಲ. ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ ಕೊಡುವುದು ನಮ್ಮಲ್ಲಿನ ಒಳ್ಳೆಯ ಉದಾಹರಣೆ. ಆದರೆ ಆ ಮಗುವನ್ನು ಮೊದಲು ಗುರುತಿಸಿದ ಹಳ್ಳಿ ಶಾಲೆಯ ಮೈದಾನಕ್ಕೂ ಒಂದು ನೆಟ್, ನಾಲ್ಕು ಚೆಂಡು ಹೋಗುವ ವ್ಯವಸ್ಥೆ ಬೇಕು.

ಸದರ್ನ್ ಅವೆನ್ಯೂದ ವಾದ ಈ ಕಡೆ ತಿರುಗಬೇಕು. ಆಟಗಾರ ಹೋದನೇ ಎಂಬುದನ್ನು ಬಿಟ್ಟು, ಅವನನ್ನು ಕೊಂಡವರು ಬೆಳೆಸಿದವರಿಗೆ ಕೊಟ್ಟರೇ ಎಂದು ಕೇಳಬೇಕು. ಕೋಲ್ಕತ್ತ ಲೀಗ್‌ನಲ್ಲಿ ಈಗ ಬಂಗಾಳದ ಹುಡುಗರು ಇಷ್ಟು ಮಂದಿ ಮೈದಾನದಲ್ಲಿರಲೇಬೇಕು ಎಂಬ ನಿಯಮ ತಂದಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಅದೇ ಅಳತೆಗೋಲು 1949ರಲ್ಲಿ ಇದ್ದಿದ್ದರೆ ಪಂಚಪಾಂಡವರು ಒಟ್ಟಿಗೆ ಆಡುತ್ತಿದ್ದರೇ? ಹುಟ್ಟಿದ ಊರಿನ ಲೆಕ್ಕಕ್ಕಿಂತ ಬೆಳೆಸಿದ ಊರಿನ ಲೆಕ್ಕ ಹೆಚ್ಚು ಉಪಯೋಗದ್ದು.

ಇದಕ್ಕೊಂದು ಆಕ್ಷೇಪ ಬರುತ್ತದೆ, ತಳ್ಳಿಹಾಕುವಂಥದ್ದಲ್ಲ. ಸಣ್ಣ ಕ್ಲಬ್‌ಗೆ ಹಕ್ಕು ಕೊಟ್ಟರೆ ಅದು ಹುಡುಗನನ್ನು ಕಟ್ಟಿಹಾಕುತ್ತದೆ, ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಕೊಡದೆ ಸತಾಯಿಸುತ್ತದೆ ಎನ್ನುತ್ತಾರೆ ಪೋಷಕರು. ಹಾಗಾಗಿ ಕ್ಲಬ್‌ಗೆ ಸಿಗಬೇಕಾದ್ದು ಹಣದ ಹಕ್ಕು ಮಾತ್ರ, ತಡೆಯುವ ಹಕ್ಕಲ್ಲ. ಹುಡುಗ ಬಯಸಿದ ದಿನ ಹೋಗುವಂತಿರಬೇಕು. ಅವನ ಕರಾರಿನ ಮೊತ್ತದಿಂದ ಸಣ್ಣ ಪಾಲು ಹೊಸ ಕ್ಲಬ್‌ನ ಖಾತೆಯಿಂದ ಹಳೆಯ ಕ್ಲಬ್‌ಗೆ ತಾನಾಗಿ ಸಂದಾಯವಾಗಬೇಕು, ಯಾರೂ ಅರ್ಜಿ ಹಿಡಿದು ಕಚೇರಿ ಬಾಗಿಲಲ್ಲಿ ಕಾಯುವಂತಾಗಬಾರದು. ಆಟಗಾರ ಯಾವ ಋತುವಿನಲ್ಲಿ ಯಾವ ಕ್ಲಬ್‌ನಲ್ಲಿದ್ದ ಎಂಬುದನ್ನು ದಾಖಲಿಸುವ ಕೇಂದ್ರೀಯ ನೋಂದಣಿ ವ್ಯವಸ್ಥೆ ಫೆಡರೇಷನ್ ಬಳಿ ಈಗಾಗಲೇ ಇದೆ. ಅದಕ್ಕೆ ಹನ್ನೆರಡರ ಎಲ್ಲ ಮಕ್ಕಳನ್ನೂ, ಗಲ್ಲಿ ಕ್ಲಬ್‌ಗಳನ್ನೂ, ಶಾಲೆಗಳನ್ನೂ ಸೇರಿಸುವ ಕೆಲಸ ಬಾಕಿ ಇದೆ. ಬೆಂಗಳೂರಿನ ಫುಟ್‌ಬಾಲ್ ಸಂಸ್ಥೆ ಕೋಲ್ಕತ್ತದ ಐಎಫ್‌ಎ ಜತೆ ಕೂತು ಇದನ್ನು ಮುಂದಿನ ವರ್ಗಾವಣೆ ಅವಧಿಯೊಳಗೇ ಶುರುಮಾಡಬಹುದು.